ಬಲಗಿವಿಯ ಓಲೆ

ಕಿರುಬೇಲೆಯಲ್ಲಿ ಹೆಂಗಸೊಬ್ಬಳನ್ನು ಬಯ್ಯಲು ಉದ್ದುದ್ದ ಮಾತು ಬೇಕಾಗಿರಲಿಲ್ಲ. "ತಲೆ ಒಣಗಿಸ್ಕೊಂಡು ಕೂತವಳು" ಅಂದರೆ ಸಾಕು, ಅವಳ ತವರಿನ ತನಕ ಹೋಗಿ ತಾಗುತ್ತಿತ್ತು. ಯಾಕೆಂದರೆ ಆ ಊರಿನ ಹೆಂಗಸರು ಉಸಿರು ಕಟ್ಟಿ ಕಡಲಿನ ತಳಕ್ಕೆ ಹೋಗಿ ಬರುವವರು. ಎದ್ದಳು, ದೋಣಿಯಂಚು ಹಿಡಿದು ನಾಲ್ಕು ಉಸಿರು ಎಳೆದಳು, ಮತ್ತೆ ಇಳಿದಳು ಅನ್ನಿಸಿಕೊಳ್ಳಬೇಕು. ಕೂದಲು ಒಣಗುವಷ್ಟು ಹೊತ್ತು ದೋಣಿಯಲ್ಲಿ ಕೂತರೆ ಅವಳು ಸೋಮಾರಿ, ಇಲ್ಲವೇ ಪುಕ್ಕಲಿ, ಇಲ್ಲವೇ ಬಸುರಿ. ಮಾಸ್ತಮ್ಮ ಇದ್ಯಾವುದೂ ಅಲ್ಲ. ಇಪ್ಪತ್ತು ವರ್ಷದಿಂದ ಅವಳ ತಲೆ ಒಣಗಿದ್ದು ಮಳೆಗಾಲದಲ್ಲಿ ಮಾತ್ರ ಎಂದು ಊರು ಹೇಳುತ್ತಿತ್ತು. ನಗಬೇಡಿ. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲವಲ್ಲ, ಅದಕ್ಕೆ.

ಇಷ್ಟಕ್ಕೆಲ್ಲ ಮೂಲ ಕೆಂಜಡೆ. ಸುಟ್ಟ ಗಾಯದ ಮೇಲೆ ಹಚ್ಚಿದರೆ ಹೊಸ ಚರ್ಮ ಎಬ್ಬಿಸುವ ಗುಣ ಈ ಕೆಂಪು ಪಾಚಿಗೆ ಇದೆ ಎಂದು ಗೊತ್ತಾದ ಮೇಲೆ, ಹೊನ್ನಾವರದಿಂದ ಭಟ್ಕಳದ ತನಕ ಕಡಲತಳದ ಬಂಡೆಗಳ ಮೇಲೆ ಅದನ್ನು ತೋಟದಂತೆ ಬೆಳೆಸತೊಡಗಿದರು. ಆದರೆ ಕೆಂಜಡೆಯದ್ದು ಮಹಾರಾಣಿಯ ಸೊಕ್ಕು. ಯಂತ್ರದ ಕೈ ತಗುಲಿದರೆ ಕಪ್ಪಾಗಿ ಹೋಗುತ್ತಿತ್ತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರು ಹತ್ತಿರ ಹೋದರೆ, ಅವರು ಬಿಡುವ ಗಾಳಿಗುಳ್ಳೆಯ ಗಲಾಟೆಗೆ ಬೀಜ ಉದುರಿಸಿ ಬೋಳಾಗುತ್ತಿತ್ತು. ಅದಕ್ಕೆ ಒಪ್ಪಿಗೆಯಾದದ್ದು ಉಸಿರು ಕಟ್ಟಿ, ಸದ್ದಿಲ್ಲದೆ ಇಳಿದು ಬಂದ ಬೆರಳು ಮಾತ್ರ. ಚಿಪ್ಪಿಕಲ್ಲು ಕೀಳಲು ಮೊದಲಿನಿಂದ ಮುಳುಗುತ್ತಿದ್ದ ಊರಿಗೆ ಹೀಗೆ ಹೊಸ ಕಸುಬು ಬಂತು. ಗಂಡಸರು ದೋಣಿ ನೋಡಿಕೊಂಡರು, ಹೆಂಗಸರು ತಳ ನೋಡಿಕೊಂಡರು.

ಇಬ್ಬರು ಹೆಂಗಸರಿಗೆ ಒಂದು ಹಗ್ಗ. ಒಬ್ಬಳು ಹಗ್ಗವನ್ನು ಸೊಂಟಕ್ಕೆ ಬಿಗಿದು, ಕಲ್ಲುಗುಂಡು ಹಿಡಿದು ಇಳಿದರೆ ಇನ್ನೊಬ್ಬಳು ಮೇಲೆ ಅದರ ತುದಿ ಹಿಡಿದು ಕೂರಬೇಕು. ಒಂದು ಬುಟ್ಟಿ ತುಂಬುವ ತನಕ ಇವಳು, ಆಮೇಲೆ ಅವಳು. ಮಾಸ್ತಮ್ಮನ ಜೋಡಿ ಅವಳ ನಾದಿನಿ ದುರ್ಗಿ. ಗಂಡನ ಜೊತೆ ಒಗ್ಗದೆ ಮೂರೇ ತಿಂಗಳಿಗೆ ಅಣ್ಣ, ಅಂದರೆ ಮಾಸ್ತಮ್ಮನ ಗಂಡ ಜಟ್ಟಪ್ಪನ ಮನೆಗೆ ಹಿಂತಿರುಗಿದವಳು. ನೆಲದ ಮೇಲೆ ಅತ್ತಿಗೆ ನಾದಿನಿಯರು ಉಪ್ಪಿಗೆ ಜಗಳ, ಹುಳಿಗೆ ಜಗಳ. ನೀರಿಗೆ ಹೋದರೆ ಮಾತ್ರ ಒಬ್ಬಳ ಜೀವ ಇನ್ನೊಬ್ಬಳ ಕೈಯಲ್ಲಿ, ಅಲ್ಲಿ ಜಗಳಕ್ಕೆ ಜಾಗವಿರಲಿಲ್ಲ.

ಆ ಜೋಡಿತನಕ್ಕೆ ಒಂದು ಕಟ್ಟಳೆಯೂ ಇತ್ತು. ನೂಲುಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಜೋಡಿಯವರು ಬಲಗಿವಿಯ ಓಲೆ ಬದಲಿಸಿಕೊಳ್ಳಬೇಕು. ಇವಳದ್ದು ಅವಳ ಕಿವಿಗೆ, ಅವಳದ್ದು ಇವಳ ಕಿವಿಗೆ. ಮೇಲೆ ಕೂತವಳು ಕೆಳಗಿರುವವಳನ್ನು ಮರೆತರೆ ಓಲೆ ಭಾರವಾಗಿ ಜಗ್ಗುತ್ತದಂತೆ. ಜಗ್ಗಿದ್ದನ್ನು ಕಂಡವರಿಲ್ಲ, ಆದರೆ ಬದಲಿಸದೆ ನೀರಿಗಿಳಿದವರೂ ಇಲ್ಲ.

*

ಕಿರುಬೇಲೆಯಲ್ಲಿ ಹಳೆಯ ಕಾಯಿಲೆಯೊಂದಿತ್ತು. ಅದಕ್ಕೆ ಕಡಲಮಂಕು ಅನ್ನುತ್ತಿದ್ದರು. ಚೆನ್ನಾಗಿ ಮುಳುಗುತ್ತಿದ್ದ ಹೆಂಗಸು ಒಂದು ದಿನ ದೋಣಿಯಿಂದ ಇಳಿದು ನಡೆಯುವಾಗ ಕಾಲು ಎಳೆಯುತ್ತಾಳೆ. ಇನ್ನೊಬ್ಬಳಿಗೆ ಮಕ್ಕಳ ಹೆಸರೇ ಅದಲುಬದಲು. ಮತ್ತೊಬ್ಬಳು ಮಾತಾಡುವಾಗ ನಡುವೆ ನಿಂತು ಗೋಡೆ ನೋಡುತ್ತಾಳೆ. ತುಂಬಾ ಹೊತ್ತು ಉಸಿರು ಕಟ್ಟಿದವರಿಗೆ ಕಡಲು ತಲೆಗೆ ಹತ್ತುತ್ತದೆ, ಬೇಗ ಬೇಗ ಇಳಿದು ಬೇಗ ಬೇಗ ಎದ್ದರೆ ಏನೂ ಆಗುವುದಿಲ್ಲ ಎಂದು ಹಿರಿಯರ ಲೆಕ್ಕ. ತಲೆ ಒಣಗಬಾರದು ಅನ್ನುವ ಮಾತಿಗೂ ಇದೇ ಆಧಾರ.

ಡಾಕ್ಟರ್ ತಸ್ನೀಮ್ ಬಂದು ಹೇಳಿದ್ದು ಇದರ ತದ್ವಿರುದ್ಧ. ಭಟ್ಕಳದ ಹುಡುಗಿ, ಮಿದುಳಿನ ಡಾಕ್ಟರು. ಕಡಲತೋಟ ನಿಗಮದವರು ಕಡಲದಂಡೆಯಲ್ಲೇ ಕಟ್ಟಿಸಿದ್ದ ಆರೋಗ್ಯ ಕೇಂದ್ರಕ್ಕೆ ಬಂದ ಮೊದಲ ವಾರವೇ ಹೆಂಗಸರನ್ನೆಲ್ಲ ಕೂರಿಸಿ, ಒಂದು ಗೋಲಿ ಸೋಡಾ ತರಿಸಿ ಎದುರಿಗಿಟ್ಟಳು.

"ನೀವು ಆಳಕ್ಕೆ ಹೋದಾಗ ನೀರಿನ ಭಾರ ಎದೆಯನ್ನ ಅದುಮ್ತದೆ. ಎದೆಯೊಳಗಿನ ಗಾಳಿಯಲ್ಲಿ ಮುಕ್ಕಾಲು ಪಾಲು ಸಾರಜನಕ. ಅದು ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಹೋಗಿ ಕರಗಿ ಕೂರ್ತದೆ. ಮೇಲೆ ಬಂದು ಸಾಕಷ್ಟು ಹೊತ್ತು ಸುಮ್ಮನೆ ಕೂತರೆ ಅಷ್ಟೂ ಉಸಿರಿನ ಜೊತೆ ಹೊರಗೆ ಹೋಗ್ತದೆ. ನೀವು ಕೂರೋದಿಲ್ಲವಲ್ಲ! ಹಳೆಯದು ಹೋಗೋದ್ರೊಳಗೆ ಹೊಸದನ್ನ ತುಂಬಿಸ್ತೀರಿ. ಆಮೇಲೆ ಒಂದು ದಿನ..." ಎಂದು ಗೋಲಿ ಒತ್ತಿದಳು. ಸೋಡಾ ಬುಸ್ಸೆಂದು ನೊರೆಯಾಗಿ ಉಕ್ಕಿತು. "ಹೀಗೆ ಗುಳ್ಳೆ ಏಳ್ತವೆ. ಮಿದುಳಿನ ಕೂದಲೆಳೆಯಷ್ಟು ಸಣ್ಣ ರಕ್ತನಾಳದಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡರೂ ಆ ಭಾಗ ಬಾಡ್ತದೆ. ನಿಮ್ಮ ಕಡಲಮಂಕು ಇದೇ."

"ಹಾಗಾದ್ರೆ ಸೋಡಾ ಕುಡಿಬಾರ್ದು ಅಂತಿರೋ?" ಎಂದಳು ದುರ್ಗಿ. ಕೇಂದ್ರವೇ ಹಾರಿಹೋಗುವಂತೆ ನಗು. ಡಾಕ್ಟರೂ ನಕ್ಕಳು. ನಗುವ ಡಾಕ್ಟರು ಯಾರಿಗೆ ಬೇಡ? ಆ ದಿನದಿಂದ ಅವಳು ಊರಿನ ಡಾಕ್ಟ್ರಮ್ಮ.

ಬಾಯಿಮಾತಿಗೆ ಇವರು ಬಗ್ಗುವುದಿಲ್ಲ ಎಂದು ಅವಳಿಗೂ ತಿಳಿದಿತ್ತು. ಮಂಗಳೂರಿನ ಗೆಳೆಯರ ಜೊತೆ ಸೇರಿ ಒಂದು ಉಪಕರಣ ಮಾಡಿಸಿದಳು. ಕಿವಿಯ ಹಿಂದೆ ಅಂಟಿ ಕೂತು, ಮಿದುಳಿಗೆ ಹೋಗುವ ರಕ್ತಕ್ಕೆ ನಮಗೆ ಕೇಳದಷ್ಟು ಸಣ್ಣ ಸದ್ದು ಕಳಿಸಿ, ಅದರ ಮಾರ್ದನಿಯಲ್ಲಿ ಗುಳ್ಳೆಗಳನ್ನು ಎಣಿಸುವಂಥದ್ದು. ಗುಳ್ಳೆ ಹೆಚ್ಚಾದರೆ ಹಾಕಿಕೊಂಡವಳ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಕೇಂದ್ರದ ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಕೆಂಪು ದೀಪ ಹತ್ತುತ್ತದೆ. ಹೆಂಗಸರು ಇಷ್ಟಪಟ್ಟು ಹಾಕಿಕೊಳ್ಳಲಿ ಎಂದು ಅದನ್ನು ಓಲೆಯ ಆಕಾರದಲ್ಲೇ ಮಾಡಿಸಿದಳು, ಬಲಗಿವಿಗೆ. ಒಂದೊಂದು ಓಲೆಯೊಳಗೆ ಒಬ್ಬೊಬ್ಬರ ಹೆಸರು ತುಂಬಿಸಿ ಕೈಯಾರೆ ಹಂಚಿದಳು.

ಹಂಚಿದ್ದು ನೂಲುಹುಣ್ಣಿಮೆಯ ಹಿಂದಿನ ದಿನ.

ಮಾರನೇ ದಿನ ಏನಾಯಿತು ಎಂದು ಹೇಳಬೇಕಾಗಿಲ್ಲ. ಕಾಯಿ ಬಿಟ್ಟರು, ಹಣೆಗೆ ಕಡಲನೀರು ಹಚ್ಚಿಕೊಂಡರು, ಜೋಡಿಗಳು ಎದುರುಬದುರು ನಿಂತು ಬಲಗಿವಿಯ ಓಲೆ ಬಿಚ್ಚಿ ಬದಲಿಸಿಕೊಂಡರು. ಹೊಸ ಓಲೆ ಮಿರಿಮಿರಿ ಮಿಂಚುತ್ತಿತ್ತು. ಡಾಕ್ಟ್ರಮ್ಮನಿಗೆ ತಿಳಿಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೋಗಿ ಹೇಳಿ ಬರುತ್ತಾರೆಯೇ?

*

"ಇವತ್ತಿಂದ ನೀವು ನೀರಿಗೆ ಇಳಿಯೋ ಹಾಗಿಲ್ಲ ಮಾಸ್ತಮ್ಮ."

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಡಾಕ್ಟ್ರಮ್ಮ ಕರೆಸಿ ಹೀಗಂದಾಗ ಮಾಸ್ತಮ್ಮನಿಗೆ ಮೊದಲು ನಗು ಬಂತು. ಹಲಗೆಯ ಮೇಲೆ ತನ್ನ ಹೆಸರಿನ ಮುಂದೆ ಕೆಂಪು ಉರಿಯುತ್ತಿದ್ದುದನ್ನು ಕಂಡ ಮೇಲೆ ನಗು ನಿಂತಿತು.

"ನಂಗೆ ಎಂತದೂ ಆಗಿಲ್ಲ. ನನ್ನ ಕಿವಿಯಲ್ಲಿ ಒಂದು ದಿನ ಗುಂಯ್ ಅಂದಿದ್ದಿಲ್ಲ."

"ಎಲ್ಲರೂ ಹೇಳೋದು ಇದನ್ನೇ."

"ಎಲ್ಲರ ಸುದ್ದಿ ನಂಗೆ ಬೇಡ, ನನ್ನ ಕಿವಿ ನಂಗೆ ಗೊತ್ತುಂಟು."

ತಸ್ನೀಮ್ ಅವಳನ್ನು ಎದುರಿಗೆ ಕೂರಿಸಿ, ಬೆರಳು ಮೂಗಿಗೆ ಮುಟ್ಟಿಸಿ ನೋಡಿದಳು, ಒಂಟಿಕಾಲಲ್ಲಿ ನಿಲ್ಲಿಸಿದಳು, ಮಾತು ಹೇಳಿಸಿ ತಿರುಗಿ ಹೇಳಿಸಿದಳು. ಮಾಸ್ತಮ್ಮ ಎಲ್ಲದರಲ್ಲೂ ಸೈ. ಡಾಕ್ಟ್ರಮ್ಮನ ಹುಬ್ಬು ಗಂಟಾಯಿತು. ಆದರೆ ಯಂತ್ರ ಒಂದು ಹೇಳಿ ಮನುಷ್ಯರು ಇನ್ನೊಂದು ಹೇಳಿದರೆ ಓದಿದವರು ಯಂತ್ರದ ಕಡೆ ವಾಲುವುದು ಸಹಜ. "ಹಾನಿ ಇನ್ನೂ ಹೊರಗೆ ಕಾಣ್ತಿಲ್ಲ, ಅದೇ ನಿಮ್ಮ ಪುಣ್ಯ. ಕಾಣೋ ತನಕ ಕಾಯೋದು ಬೇಡ. ಓಲೆ ಕಿವಿಯಲ್ಲೇ ಇರಲಿ, ಗುಳ್ಳೆ ಇಳಿದದ್ದು ಗೊತ್ತಾಗಬೇಕು" ಎಂದಳು. ಹಲಗೆ ನೋಡಿ ಮತ್ತೂ ಒಂದು ಮಾತು ಸೇರಿಸಿದಳು. "ನಿಮ್ಮ ನಾದಿನಿ ನೋಡಿ, ಹಸಿರು. ಅವಳಿಗೆ ಒಂದು ಗುಳ್ಳೆಯೂ ಇಲ್ಲ. ನಿಮ್ಮ ಪಾಲನ್ನೂ ಅವಳೇ ನಿಭಾಯಿಸಬಲ್ಲಳು."

ಮಾಸ್ತಮ್ಮನಿಗೆ ಕೆಂಡ ತುಳಿದಂತಾಯಿತು. ಮುಳುಗಬೇಡ ಎಂದದ್ದಕ್ಕಿಂತ ಆ ಕೊನೆಯ ಮಾತೇ ಹೆಚ್ಚು ಸುಟ್ಟಿತು. ದುರ್ಗಿಗೆ ಕಲ್ಲುಗುಂಡು ಹಿಡಿಯುವುದನ್ನು ಕಲಿಸಿದವಳು ಅವಳು. ಆ ಹಗ್ಗದ ಜೋಡಿಯಲ್ಲಿ ಮೇಲು ಯಾರು ಎಂದು ಊರಿಗೆಲ್ಲ ಗೊತ್ತಿತ್ತು. ಈಗ ಒಂದು ದೀಪ ಬಂದು ತೀರ್ಪು ಕೊಟ್ಟುಬಿಟ್ಟಿತೇ?

ಮನೆಗೆ ಬಂದು ಸುದ್ದಿ ಹೇಳಿದಾಗ ದುರ್ಗಿ ಸುಮ್ಮನಿರಬೇಕಿತ್ತು. ಅವಳು ಸುಮ್ಮನಿರುವ ಜಾತಿಯಲ್ಲ.

"ಒಳ್ಳೇದೇ ಆಯ್ತು ಅತ್ತಿಗೆ. ನೀ ಕೂತು ತಲೆ ಒಣಗಿಸ್ಕೊ. ನಾ ಇದ್ದೆನಲ್ಲ!"

ಆ ದಿನ ಮಾಸ್ತಮ್ಮ ಸಾರಿಗೆ ಉಪ್ಪೇ ಹಾಕಲಿಲ್ಲ. ಬೇಕೆಂದೇ.

ಅಷ್ಟು ಸಾಲದ್ದಕ್ಕೆ ಹಗ್ಗ ಹಿಡಿಯುವುದಕ್ಕೂ ಹೋಗಲಿಲ್ಲ. ಮುನಿಸಿಕೊಂಡು ಮನೆಯಲ್ಲಿ ಕೂತಳು. ಬುಟ್ಟಿ ಮೇಲೆ ಬುಟ್ಟಿ ತುಂಬಿಸುತ್ತಿದ್ದ ತಂಗಿಯ ಹಗ್ಗವನ್ನು ದೋಣಿ ನಡೆಸುವ ಜಟ್ಟಪ್ಪನೇ ಹಿಡಿದ. ಅಷ್ಟರಲ್ಲಿ ಡಾಕ್ಟ್ರಮ್ಮ ಯಾವುದೋ ಸಭೆಗೆಂದು ಮಂಗಳೂರಿಗೆ ಹೋದಳು. ಮಾಸ್ತಮ್ಮನ ಹೆಸರಿನ ಕೆಂಪು ಹಾಗೆಯೇ ಉರಿಯಿತು. ಮನೆಯಲ್ಲಿ ಕೂತವಳ ಗುಳ್ಳೆ ಯಾಕೆ ಇಳಿಯುತ್ತಿಲ್ಲ ಎಂದು ಕೇಂದ್ರದ ಗುಮಾಸ್ತನನ್ನು ಕೇಳಿದರೆ, "ವಯಸ್ಸಾಯ್ತಲ್ಲ ಅಕ್ಕ, ನಿಧಾನ" ಎಂದ. ಅವನು ಬದುಕಿ ಉಳಿದದ್ದೇ ದೊಡ್ಡದು.

*

ಮನೆಯಲ್ಲಿ ಕೂತವಳ ಕಣ್ಣಿಗೆ ಮನೆಯ ಸಂಗತಿಗಳು ಬೀಳುತ್ತವೆ. ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿ ದುರ್ಗಿಯನ್ನು ಮೀರಿಸುವವರಿರಲಿಲ್ಲ. ಅಂಥವಳು ಒಂದು ಮಧ್ಯಾಹ್ನ ಅದೇ ಮುಳ್ಳನ್ನು ಹಿಡಿಯಲು ಹೋಗಿ ಮತ್ತೆ ಮತ್ತೆ ಬಿಡುತ್ತಿದ್ದಳು. ಕೊನೆಗೆ ಮೀನನ್ನೇ ತಟ್ಟೆಯಂಚಿಗೆ ತಳ್ಳಿ ಬರೀ ಅನ್ನ ಉಂಡಳು.

"ಏನೇ, ಮೀನೂ ಬೇಡವಾಯ್ತಾ ದೊರೆಸಾನಿಗೆ?" ಎಂದಳು ಮಾಸ್ತಮ್ಮ.

"ಬಾಯಿಗೆ ರುಚಿ ಇಲ್ಲ."

ಇನ್ನೊಂದು ದಿನ ಬಾಗಿಲು ದಾಟುವಾಗ ಬಲಭುಜ ಚೌಕಟ್ಟಿಗೆ ತಾಗಿತು. ಹುಟ್ಟಿದಂದಿನಿಂದ ದಾಟಿದ ಬಾಗಿಲು ಅದು. ಮತ್ತೊಮ್ಮೆ ಚಹಾ ಬಗ್ಗಿಸುವಾಗ ಅರ್ಧ ಲೋಟದೊಳಗೆ, ಅರ್ಧ ಹೊರಗೆ. ಮಾತಿನ ನಡುವೆ ಒಂದು ಶಬ್ದ ಹುಡುಕಿದಳು. "ಅದೇ... ಅತ್ತಿಗೆ, ಅದು... ನೀರು ಸೇದ್ತೇವಲ್ಲ, ಅದು..." ಕೊಡಪಾನ ಎಂಬ ಶಬ್ದ ಅವಳ ಬಾಯಿಗೆ ಬರಲಿಲ್ಲ.

"ಹೆಚ್ಚು ಬುಟ್ಟಿ ತುಂಬಿಸಿದ ಸೊಕ್ಕು ನಾಲಿಗೆಗೂ ಏರಿತಾ?" ಎಂದು ಮಾಸ್ತಮ್ಮ ಛೇಡಿಸಿದಳು. ದುರ್ಗಿ ನಕ್ಕಳು. ನಗು ಒಂದು ಬದಿಗೆ ಸ್ವಲ್ಪ ತಡವಾಗಿ ಬಂತು.

ಮಾಸ್ತಮ್ಮ ನಾದಿನಿಯ ಮುಖವನ್ನೇ ನೋಡಿದಳು. ಕಡಲಮಂಕಿನ ಹೆಂಗಸರನ್ನು ಅವಳು ಕಂಡಿದ್ದಳು. ಆದರೆ ದುರ್ಗಿಯದ್ದು ಹಸಿರು ದೀಪವಲ್ಲವೇ? ಡಾಕ್ಟ್ರಮ್ಮನೇ ಹೇಳಿದ್ದಾಳೆ, ಒಂದು ಗುಳ್ಳೆಯೂ ಇಲ್ಲ ಅಂತ. ದಣಿವಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡರೂ ನಾಳೆ ಹಗ್ಗ ಹಿಡಿಯಲು ತಾನೇ ಹೋಗುವುದೆಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದಳು.

ಬೆಳಿಗ್ಗೆ ಹೊರಡುವ ಹೊತ್ತಿಗೆ ಕೇಂದ್ರದಿಂದ ಕರೆ ಬಂತು. ಡಾಕ್ಟ್ರಮ್ಮ ಬಂದಿದ್ದಾಳೆ, ಈಗಲೇ ಬರಬೇಕಂತೆ. ಜಟ್ಟಪ್ಪ, ದುರ್ಗಿ ದೋಣಿ ತಳ್ಳಿಕೊಂಡು ಹೋದರು. ಮಾಸ್ತಮ್ಮ ಕೇಂದ್ರದ ದಾರಿ ಹಿಡಿದಳು.

*

ಡಾಕ್ಟ್ರಮ್ಮನಿಗೆ ಸಿಟ್ಟು ಬಂದದ್ದನ್ನು ಮಾಸ್ತಮ್ಮ ನೋಡಿದ್ದು ಅದೇ ಮೊದಲು.

"ನಾನಿಲ್ಲದಾಗ ಕದ್ದು ಮುಳುಗ್ತಾ ಇದ್ದೀರಿ."

"ಯಾರು? ನಾನಾ?"

"ಗುಳ್ಳೆ ಮಾತ್ರ ಅಲ್ಲ, ಎಷ್ಟು ಆಳಕ್ಕೆ ಎಷ್ಟು ಸಲ ಹೋದಿರಿ ಅಂತಲೂ ಓಲೆ ಬರೆದಿಡ್ತದೆ. ಅದನ್ನ ಇವತ್ತು ತೆಗೆದು ನೋಡಿದೆ. ಮೊದಲಿಗಿಂತ ಹೆಚ್ಚು ಮುಳುಗಿದ್ದೀರಿ! ಮಾಸ್ತಮ್ಮ, ನಿಮ್ಮ ರಕ್ತ ಸೋಡಾ ಆಗಿದೆ. ಇವತ್ತೋ ನಾಳೆಯೋ ನೀವು ಮಾತಿಲ್ಲದೆ, ಕೈಯಿಲ್ಲದೆ ಹಾಸಿಗೆ ಹಿಡೀತೀರಿ. ನನಗೆ ಸುಳ್ಳು ಹೇಳಿ ಏನು ಸಿಗ್ತದೆ ನಿಮಗೆ?"

"ಜಟಕ ದೇವರಾಣೆ, ದೀಪಾವಳಿ ಕಳೆದ ಮೇಲೆ ನನ್ನ ಹೆಬ್ಬೆರಳೂ ಉಪ್ಪುನೀರು ಮುಟ್ಟಿಲ್ಲ. ನಿಮ್ಮ ಯಂತ್ರಕ್ಕೆ ದೆವ್ವ ಹಿಡಿದಿದೆ!"

"ಬನ್ನಿ ಇಲ್ಲಿ" ಎಂದು ತಸ್ನೀಮ್ ಅವಳನ್ನು ದೊಡ್ಡ ಪರದೆಯ ಮುಂದೆ ನಿಲ್ಲಿಸಿದಳು. ಕಡಲ ನಕ್ಷೆ, ಅದರ ಮೇಲೆ ದೋಣಿಗಳು, ದೋಣಿಯ ಕೆಳಗೆ ಮುಳುಗಿದವರ ಹೆಸರು ಹೊತ್ತ ಚುಕ್ಕಿಗಳು. "ನಿಮ್ಮ ಹೆಸರು ಒತ್ತುತ್ತೇನೆ. ಹಿಂದಿನದ್ದೆಲ್ಲ ನಿಮ್ಮ ಕಣ್ಣೆದುರೇ ಬರ್ತದೆ."

ಒತ್ತಿದಳು. ಹಿಂದಿನದ್ದು ಬರಲಿಲ್ಲ, ಈಗಿನದ್ದೇ ಬಂತು. ಜಟ್ಟಪ್ಪನ ದೋಣಿಯ ಕೆಳಗೆ ಒಂದು ಕೆಂಪು ಚುಕ್ಕಿ ಇಳಿಯುತ್ತಿತ್ತು. ಪಕ್ಕದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಮಾಸ್ತಮ್ಮ.

ಇಬ್ಬರೂ ಅದನ್ನೇ ನೋಡಿದರು.

"ಡಾಕ್ಟ್ರಮ್ಮ, ನಾನು ಇಲ್ಲಿ ನಿಂತಿದ್ದೇನೆ ಅಲ್ವಾ?"

"ಹೌದು."

"ಮತ್ತೆ ಅಲ್ಲಿ ಮುಳುಗ್ತಾ ಇರೋ ಮಾಸ್ತಮ್ಮ ಯಾರು?"

ಮಾಸ್ತಮ್ಮನ ಕೈ ತಾನಾಗಿ ಬಲಗಿವಿಗೆ ಹೋಯಿತು. ಹೊಸ ಓಲೆಯ ನುಣುಪು ಬೆರಳಿಗೆ ಸಿಕ್ಕಿತು. ನೂಲುಹುಣ್ಣಿಮೆಯ ದಿನ ದುರ್ಗಿ ತನ್ನ ಕಿವಿಯಿಂದ ಬಿಚ್ಚಿ, "ಹಿಡಿ ಅತ್ತಿಗೆ, ನಿಂಗೆ ಚಂದ ಕಾಣ್ತದೆ" ಎಂದು ಸಿಕ್ಕಿಸಿದ ಓಲೆ. ಮುಳ್ಳು, ಬಾಗಿಲ ಚೌಕಟ್ಟು, ಚೆಲ್ಲಿದ ಚಹಾ, ಬಾಯಿಗೆ ಬಾರದ ಕೊಡಪಾನ ಎಲ್ಲವೂ ಒಟ್ಟಿಗೆ ಬಂದು ಅವಳ ಎದೆಗೆ ಗುದ್ದಿದವು.

"ಅಯ್ಯಯ್ಯೋ ದೇವರೇ! ಬದಲಿಸಿಕೊಂಡಿದ್ದೇವೆ ನಾವು! ಓಲೆ ಬದಲಿಸಿಕೊಂಡಿದ್ದೇವೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಲ್ಲ ಡಾಕ್ಟ್ರಮ್ಮ! ಎತ್ತು ನೀರಲ್ಲುಂಟು!"

ಉಳಿದದ್ದನ್ನು ಕೇಳುವ ಮೊದಲೇ ತಸ್ನೀಮ್ ವೈರ್‌ಲೆಸ್ ಎತ್ತಿಕೊಂಡಿದ್ದಳು. ಮಾಸ್ತಮ್ಮ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಹೋಯ್! ಹಗ್ಗ ಎಳಿ! ದುರ್ಗಿನ ಎಳಿ!"

"ಎಂತ ಕೂಗ್ತ್ಯೆ? ಬುಟ್ಟಿ ಅರ್ಧ ಆಗಿದೆ ಅಷ್ಟೆ..." ಜಟ್ಟಪ್ಪನ ದನಿ ಗೊರಗೊರ ಬಂತು.

"ಬುಟ್ಟಿ ಮನೆ ಹಾಳಾಗ್ಲಿ! ನಿನ್ನ ತಂಗಿ ಸಾಯ್ತಾಳೆ, ಎಳಿಯೋ!"

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಎಳಿಯೋ ಎಂದದ್ದಿಲ್ಲ. ಅವನು ಎಳೆದ. ಪರದೆಯ ಮೇಲೆ ಮಾಸ್ತಮ್ಮನ ಹೆಸರು ಮೇಲೇರತೊಡಗಿತು. ಮಾಸ್ತಮ್ಮ ತಾನೇ ಉಸಿರು ಕಟ್ಟಿ ನೋಡಿದಳು. ದೋಣಿ ಮುಟ್ಟಿತು.

"ಬಂದ್ಲು. ನಗ್ತಾ ಇದ್ದಾಳೆ. ಎಂತ ಆಗಿದೆ ಅಂತ ಇಷ್ಟು..." ಎನ್ನುತ್ತಿದ್ದ ಜಟ್ಟಪ್ಪ ಸುಮ್ಮನಾದ. ಆಮೇಲೆ ಬಂದದ್ದು ಬೇರೆಯೇ ದನಿ. "ಮಾತು ಸರಿ ಬರ್ತಿಲ್ಲ ಅವಳಿಗೆ. ಬಾಯಿ ಒಂದು ಬದಿಗೆ ಹೋಗಿದೆ. ಮಾಸ್ತಿ, ಇವಳ ಕೈ... ಕೈ ಎತ್ತುದಿಲ್ಲ ಇವಳು."

"ಮಲಗಿಸಿ, ಜಟ್ಟಪ್ಪನವರೇ" ಎಂದಳು ತಸ್ನೀಮ್. ವೈರ್‌ಲೆಸ್ ಈಗ ಅವಳ ಕೈಗೆ ಬಂದಿತ್ತು. "ಹಿಂದುಗಡೆ ಹಸಿರು ಪೆಟ್ಟಿಗೆಯಲ್ಲಿ ಆಮ್ಲಜನಕ ಉಂಟು, ಮೂಗಿಗೆ ಹಿಡಿಯಿರಿ. ದೋಣಿ ಸೀದಾ ಇಲ್ಲಿಗೆ ತನ್ನಿ. ಕೋಣೆ ನಾನು ತಯಾರು ಮಾಡ್ತೇನೆ."

*

ಕೋಣೆ ಎಂದರೆ ಒಂದು ಕಬ್ಬಿಣದ ಭಾರೀ ಮೊಟ್ಟೆ. ರೋಗಿಯನ್ನು ಒಳಗೆ ಮಲಗಿಸಿ ಬಾಗಿಲು ಬಿಗಿದು ಗಾಳಿ ತುಂಬಿಸುತ್ತಾರೆ. ಕಡಲತಳದಲ್ಲಿ ಇರುವಷ್ಟೇ ಒತ್ತಡ. ಗುಳ್ಳೆಗಳು ಕುಗ್ಗಿ ಮತ್ತೆ ರಕ್ತದಲ್ಲಿ ಕರಗುತ್ತವೆ. ಶುದ್ಧ ಆಮ್ಲಜನಕ ಕುಡಿಸುತ್ತಾ ಆ ಒತ್ತಡವನ್ನು ಇಷ್ಟಿಷ್ಟೇ ಇಳಿಸಿದರೆ ಸಾರಜನಕ ಗಲಾಟೆಯಿಲ್ಲದೆ ಹೊರಗೆ ಹೋಗುತ್ತದೆ. ಜೊತೆಗೆ ಒಬ್ಬರು ಇರಬೇಕು ಎಂದಾಗ ಮಾಸ್ತಮ್ಮ ಯಾರನ್ನೂ ಕೇಳದೆ ಒಳಗೆ ಹೋಗಿ ಕೂತಳು.

ಬಾಗಿಲು ಮುಚ್ಚಿತು. ಕಿವಿ ಬಿಗಿಯಿತು, ತಳಕ್ಕೆ ಇಳಿಯುವಾಗ ಬಿಗಿಯುವ ಹಾಗೆಯೇ. ದುರ್ಗಿಯ ಮುಖವಾಡದಿಂದ ಒಂದು ಕೊಳವೆ ಗೋಡೆಗೆ ಹೋಗಿತ್ತು. ಮಾಸ್ತಮ್ಮ ಆ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಡಿಯುವ ಅಗತ್ಯವೇನೂ ಇರಲಿಲ್ಲ. ಕೈಗೆ ಅದೊಂದೇ ಕೆಲಸ ಗೊತ್ತಿದ್ದದ್ದು.

"ಮುನಿಸಿಕೊಂಡು ಮನೆಯಲ್ಲಿ ಕೂತೆನಲ್ಲೇ" ಎಂದಳು. "ನಾನು ಹಗ್ಗ ಹಿಡಿದಿದ್ದರೆ ನಿನ್ನ ಕೈ ನಡುಗಿದ್ದು ನನ್ನ ಕೈಗೆ ಗೊತ್ತಾಗ್ತಿತ್ತು. ಉಪ್ಪಿಲ್ಲದ ಸಾರು ಉಣಿಸಿದೆ ನಿಂಗೆ. ಏಳೇ ದುರ್ಗಿ. ಎದ್ದು ನಂಗೆ ಬಯ್ಯೇ."

ಬಹಳ ಹೊತ್ತಿನ ಮೇಲೆ, ಒತ್ತಡ ಅರ್ಧಕ್ಕೆ ಇಳಿದಾಗ, ದುರ್ಗಿಯ ಬಲಗೈಯ ಕಿರುಬೆರಳು ಅಲುಗಿತು. ಮುಖವಾಡದೊಳಗೆ ತುಟಿ ಅಲುಗಿತು. ಮಾಸ್ತಮ್ಮ ಬಗ್ಗಿದಳು.

"ಅ... ತ್ತಿ..."

ಅಷ್ಟೇ ಬಂತು. ಅಷ್ಟು ಸಾಕಾಯಿತು. ಮಾಸ್ತಮ್ಮ ಗೊಳೋ ಎಂದು ಅತ್ತಳು. ಹೊರಗೆ ಗಾಜಿಗೆ ಮುಖವಿಟ್ಟು ನಿಂತಿದ್ದ ಡಾಕ್ಟ್ರಮ್ಮ, ಏನೋ ಅನಾಹುತವಾಯಿತು ಎಂದು ಹೆದರಿ ಗಾಜು ಬಡಿದಳು. ಒಳಗಿನಿಂದ ಮಾಸ್ತಮ್ಮ ಅಳುತ್ತಲೇ ನಗುತ್ತಾ ಕೈ ಆಡಿಸಿದಳು.

*

ದುರ್ಗಿ ಬದುಕಿದಳು. ನಡೆದಳು. ಕೈ ಬಂತು, ಆದರೆ ಬೆರಳುಗಳಿಗೆ ಹಳೆಯ ಚುರುಕು ಬರಲು ಇನ್ನೂ ಸಮಯ ಬೇಕು. ಮಾತು ಎಲ್ಲಕ್ಕಿಂತ ನಿಧಾನ. ಶಬ್ದ ನಾಲಿಗೆಯ ತುದಿಗೆ ಬಂದು ಬಾಗಿಲು ಹುಡುಕುತ್ತಾ ನಿಲ್ಲುತ್ತಿತ್ತು. "ಮಿದುಳು ಹೊಸ ದಾರಿ ಕಡಿದುಕೊಳ್ತದೆ. ಅದಕ್ಕೆ ಅವಳು ಮಾತಾಡ್ತಾನೇ ಇರಬೇಕು. ತಡವರಿಸಿದಾಗ ನೀವು ಪೂರ್ತಿ ಮಾಡಿಕೊಡಬಾರದು" ಎಂದು ಡಾಕ್ಟ್ರಮ್ಮ ಕಟ್ಟಪ್ಪಣೆ ಮಾಡಿದ್ದಳು. ಇನ್ನೊಬ್ಬರ ಮಾತು ಪೂರ್ತಿ ಮಾಡದೆ ಇರುವುದು ಮಾಸ್ತಮ್ಮನಿಗೆ ಉಸಿರು ಕಟ್ಟುವುದಕ್ಕಿಂತ ಕಷ್ಟದ ಕೆಲಸ.

ನಿಗಮದ ಸಾಹೇಬರೊಬ್ಬರು ಕೇಂದ್ರಕ್ಕೆ ಬಂದು ಹೆಂಗಸರನ್ನೆಲ್ಲ ಸೇರಿಸಿದರು. ಇನ್ನು ಮುಂದೆ ಓಲೆ ಬದಲಿಸುವಂತಿಲ್ಲ, ಅವರವರ ಓಲೆ ಅವರವರಿಗೆ ಎಂದರು. ಹೆಂಗಸರ ನಡುವೆ ಗುಜುಗುಜು ಎದ್ದಿತು. ಬದಲಿಸದೆ ನೀರಿಗೆ ಇಳಿಯುವುದು ಹೇಗೆ?

ತಸ್ನೀಮ್ ಎದ್ದು ನಿಂತಳು. "ತಪ್ಪು ನನ್ನದೂ ಉಂಟು. ಓಲೆಯನ್ನೇ ಕೊಟ್ಟೆ, ಈ ಊರಲ್ಲಿ ಓಲೆಯಿಂದ ಏನೇನು ಮಾಡ್ತಾರೆ ಅಂತ ಕೇಳಲಿಲ್ಲ. ಆದರೆ ನನಗೆ ಅರ್ಥ ಆಗದ ಸಂಗತಿ ಇನ್ನೊಂದುಂಟು. ದುರ್ಗಿ, ಓಲೆ ನಿನ್ನ ಕಿವಿಯಲ್ಲೇ ಇತ್ತಲ್ಲ. ಗುಂಯ್ ಅಂದಿರಬೇಕಲ್ಲ?"

"ಅಂ... ತಿತ್ತು" ಎಂದಳು ದುರ್ಗಿ. "ದಿನಾ. ನಾ... ಸೊ... ಸೊಳ್ಳೆ ಅಂದೆ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು, ನಂಗೂ ಅಂದಿತ್ತು, ಒಂದು ಬುಟ್ಟಿ ಮುಗಿಯಲಿ ಅಂದುಕೊಂಡೆ ಎಂದಳು. ಇನ್ನೊಬ್ಬಳು, ತಲೆ ಒಣಗಿಸ್ಕೊಂಡು ಕೂತರೆ ಜನ ಏನಂತಾರೆ ಎಂದಳು. ಡಾಕ್ಟ್ರಮ್ಮ ಕುರ್ಚಿಗೆ ಕುಸಿದಳು. ಇಷ್ಟು ಸೂಕ್ಷ್ಮದ ಯಂತ್ರ, ಇಷ್ಟು ವರ್ಷದ ಕೆಲಸ. ಅದು ಕೂಗಿದರೂ ಕೇಳುವವರಿಲ್ಲ.

ಮಾಸ್ತಮ್ಮ ಕೂತಲ್ಲಿಂದಲೇ ಬಾಯಿಬಿಟ್ಟಳು. ಯೋಚನೆ ಮಾಡಿ ಹೇಳಿದ್ದಲ್ಲ, ಹೊಟ್ಟೆಯೊಳಗೆ ಇದ್ದದ್ದು ಹಾಗೇ ಬಂತು.

"ಡಾಕ್ಟ್ರಮ್ಮ, ನನ್ನ ಗುಳ್ಳೆ ಸುದ್ದಿ ನಂಗೆ ಹೇಳಿದ್ರೆ ನಾ ಕೇಳೋದಿಲ್ಲ. ನಾ ಹಠದ ಹೆಂಗ್ಸು. ನಂಗೆ ಹೇಳ್ಬೇಡಿ. ಇವಳಿಗೆ ಹೇಳಿ. ನನ್ನ ಕಿವಿಯಲ್ಲಿ ಲೆಕ್ಕ ಮಾಡಿ ಇವಳ ಕಿವಿಯಲ್ಲಿ ಕೂಗ್ಲಿ ಅದು. ಹಗ್ಗ ಇವಳ ಕೈಲಿ ಉಂಟಲ್ಲ. ಇವಳು ಹಗ್ಗ ಬಿಚ್ಚಿ ಇಟ್ರೆ ನಾನು ಹೇಗೆ ಇಳೀಲಿ?"

ತಸ್ನೀಮ್ ಅವಳನ್ನೇ ನೋಡಿದಳು. ಆಮೇಲೆ ಕಾಗದ ಪೆನ್ಸಿಲು ಎಳೆದುಕೊಂಡು ಗೀಚತೊಡಗಿದಳು. ಸಾಹೇಬರು ಇನ್ನೂ ಮಾತಾಡುತ್ತಿದ್ದರು, ಅವಳಿಗೆ ಕೇಳಿಸಲಿಲ್ಲ.

ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲ ಓಲೆಗಳು ಪಕ್ಕದ ದೋಣಿಯವರ ಕಿವಿಯಲ್ಲಿ ಕೂಗಿ ರಾದ್ಧಾಂತ ಮಾಡಿದವು. ಎರಡನೆಯವು ಉಪ್ಪುನೀರಿಗೆ ಕೆಟ್ಟವು. ಮಳೆಗಾಲ ಪೂರ್ತಿ ಕೇಂದ್ರದಲ್ಲಿ ದೀಪ ಆರಲಿಲ್ಲ. ದುರ್ಗಿ ಅಲ್ಲೇ ಕೂತು ಒಂದೊಂದೇ ಓಲೆ ಕಿವಿಗಿಟ್ಟು, ಕೂಗುತ್ತದೋ ಇಲ್ಲವೋ ಎಂದು ನಿಧಾನದ ಮಾತಿನಲ್ಲಿ ಹೇಳುತ್ತಿದ್ದಳು. ಅದೇ ಅವಳ ಚಿಕಿತ್ಸೆಯೂ ಆಯಿತು.

*

ಮರುವರ್ಷ ನೂಲುಹುಣ್ಣಿಮೆಗೆ ಕಡಲು ತಣ್ಣಗಿತ್ತು. ಕಾಯಿ ಬಿಟ್ಟರು. ಜೋಡಿಗಳು ಎದುರುಬದುರು ನಿಂತು ಬಲಗಿವಿಯ ಓಲೆ ಬದಲಿಸಿಕೊಂಡರು. ಈ ಸಲ ಬದಲಿಸದೆ ಹೋದರೆ ಯಂತ್ರ ಶುರುವಾಗುವುದೇ ಇಲ್ಲ, ಹಾಗೆ ಮಾಡಿಟ್ಟಿದ್ದಳು ಡಾಕ್ಟ್ರಮ್ಮ. ಭಟ್ಕಳದಿಂದ ಅಮ್ಮನನ್ನೂ ಕರೆದುಕೊಂಡು ಬಂದು, ದಂಡೆಯಲ್ಲಿ ನಿಂತು ನೋಡಿದಳು.

ಆ ವರ್ಷ ಬುಟ್ಟಿಗಳು ಕಡಿಮೆಯಾದವು. ನಿಗಮ ಗೊಣಗಿತು. ಗೊಣಗಲಿ. ಇಡೀ ವರ್ಷದಲ್ಲಿ ಕಾಲು ಎಳೆದುಕೊಂಡು ದೋಣಿಯಿಂದ ಇಳಿದ ಹೆಂಗಸು ಒಬ್ಬಳೂ ಇರಲಿಲ್ಲ.

ದುರ್ಗಿ ಇನ್ನು ತಳಕ್ಕೆ ಇಳಿಯುವಂತಿಲ್ಲ. ಅವಳದ್ದು ಹಗ್ಗ. ಮಾಸ್ತಮ್ಮ ಇಳಿಯುತ್ತಿದ್ದಳು, ಬೆರಳಿನಿಂದ ಕೆಂಜಡೆ ಬಿಡಿಸಿ ಬುಟ್ಟಿಗೆ ಹಾಕಿ ಏಳುತ್ತಿದ್ದಳು. ಮೊದಮೊದಲು ದೋಣಿಯಂಚು ಹಿಡಿದು ನಾಲ್ಕು ಉಸಿರು ಎಳೆದು ಮತ್ತೆ ಇಳಿಯಲು ಹೋದಳು. ದುರ್ಗಿಯ ಕಿವಿಯಲ್ಲಿ ಓಲೆ ಕೂಗುತ್ತಿತ್ತು. ದುರ್ಗಿ ಹಗ್ಗ ಜಗ್ಗಿ, "ಕೂ... ತ್ಕೋ" ಎನ್ನುತ್ತಿದ್ದಳು. ಆ ಮಾತು ಅವಳ ಬಾಯಿಗೆ ಮೊದಲು ಸಲೀಸಾಗಿ ಬಂದ ಮಾತಾಯಿತು. ಅಷ್ಟು ಸಲ ಹೇಳಬೇಕಾಯಿತು.

ಕೂತಾಗ ಸುಮ್ಮನೆ ಏನು ಮಾಡುವುದು? ದುರ್ಗಿ ಕಥೆ ಹೇಳುತ್ತಿದ್ದಳು. ಆ ದಿನ ಅವಳು ತೆಗೆದದ್ದು ಅತ್ತಿಗೆ ಮದುವೆಯಾಗಿ ಬಂದ ಹೊಸತರ ಕಥೆ.

"ನೀ... ಹೊಸ ಸೀರೆ ಉಟ್ಟು... ದೋ... ದೋಣಿ ಹತ್ತಲಿಕ್ಕೆ ಹೋದೆ..."

ಮಾಸ್ತಮ್ಮನಿಗೆ ಈ ಕಥೆ ಬಾಯಿಪಾಠ. ಕಾಲು ಜಾರಿ ಕೆಸರಿಗೆ ಬಿದ್ದದ್ದು, ಜಟ್ಟಪ್ಪ ಎತ್ತುವ ಬದಲು ನಕ್ಕದ್ದು, ಅವನನ್ನೂ ಎಳೆದು ಕೆಸರಿಗೆ ಬೀಳಿಸಿದ್ದು. ಊರಿಗೆಲ್ಲ ನೂರು ಸಲ ಹೇಳಿ ಮಾನ ತೆಗೆದಿದ್ದಳು ಈ ದುರ್ಗಿ. ಅತ್ತ ಕೂತ ಜಟ್ಟಪ್ಪ ಕೇಳದವನಂತೆ ಬೇರೆ ಕಡೆ ನೋಡುತ್ತಿದ್ದ.

ದುರ್ಗಿಯ ಕಿವಿಯಲ್ಲಿ ಕೂಗು ನಿಂತಿತು. ಗುಳ್ಳೆ ಇಳಿದಿತ್ತು. ಅವಳು ಕೈಸನ್ನೆ ಮಾಡಿದಳು, ಇನ್ನು ಹೋಗಬಹುದು. ಮಾಸ್ತಮ್ಮ ಕಲ್ಲುಗುಂಡಿಗೆ ಕೈ ಹಾಕಿದಳು.

"ಆಮೇಲೆ... ಅಣ್ಣ... ಅಣ್ಣ ನಿನ್ನ ನೋಡಿ..."

ಶಬ್ದ ಸಿಕ್ಕಲಿಲ್ಲ. ದುರ್ಗಿ ತುಟಿ ಅಲುಗಿಸುತ್ತಾ ಹುಡುಕಿದಳು. ಮಾಸ್ತಮ್ಮನ ನಾಲಿಗೆಯ ತುದಿಯಲ್ಲೇ ಇತ್ತು ಅದು. ಅವಳು ಹಲ್ಲು ಕಚ್ಚಿ ಹಿಡಿದಳು. ಕಲ್ಲುಗುಂಡನ್ನು ಮೆಲ್ಲಗೆ ಕೆಳಗಿಟ್ಟಳು, ಕಾಲು ಮಡಚಿ ಸರಿಯಾಗಿ ಕೂತಳು.

"ಹೇಳು" ಎಂದಳು. "ಅವಸರ ಎಂತದು? ಕಡಲು ಎಲ್ಲಿಗೂ ಓಡಿಹೋಗೋದಿಲ್ಲ."

ಬಿಸಿಲು ಏರುತ್ತಿತ್ತು. ಗಾಳಿಗೆ ಮಾಸ್ತಮ್ಮನ ಕೂದಲು ಬಿಡಿಬಿಡಿಯಾಗಿ ಹಾರತೊಡಗಿತು. ಪಕ್ಕದ ದೋಣಿಯವರು ಅವಳ ಒಣಗಿದ ತಲೆ ನೋಡಿದರು, ಅವಳೂ ಅವರದ್ದನ್ನು ನೋಡಿದಳು. ದುರ್ಗಿ ಇನ್ನೂ ಹುಡುಕುತ್ತಿದ್ದಳು, ಮಾಸ್ತಮ್ಮ ಕಾಯುತ್ತಾ ಕೂತಿದ್ದಳು.